ಸಮ ಗುಂಡಿ ಇಲ್ಲದ ಯಂತ್ರ

ನನ್ನ ಭಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನ ಅರ್ಧ ಜನರನ್ನು ಎತ್ತರದ ಕಟ್ಟಡಗಳಿಗೆ ಹತ್ತಿಸಿ ಇಳಿಸಿದ ಆ ಮಹಾನುಭಾವರು ತಮ್ಮ ಸಂಸಾರ ಹೂಡಿದ್ದು ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ನನಗೆ ನೆನಪಾಗುವುದು ದಿನಾ ಮೂರನೇ ಮಹಡಿಯ ತಿರುವಿನಲ್ಲಿ, ಕೈಚೀಲ ಕೆಳಗಿಟ್ಟು ಉಸಿರು ತೆಗೆದುಕೊಳ್ಳುವಾಗ. ಏಕೆಂದರೆ ಅವರ ಎದುರು ಬಾಗಿಲೇ ನಮ್ಮದು. ಈ ಮನೆ ಹುಡುಕಿಕೊಟ್ಟವರೂ ಅವರೇ.

ನಾನು ಅವರ ಹೆಂಡತಿಯ ತಂಗಿ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು, ಬಾಯಿ ಸ್ವಲ್ಪ ಜೋರು. ಜೋರಿಲ್ಲದಿದ್ದರೆ ವಾರ್ಡಿನಲ್ಲಿ ಯಾರು ಮಾತ್ರೆ ನುಂಗುತ್ತಿದ್ದರು? ತಲೆಯೆಲ್ಲ ನರೆತರೂ ಅಕ್ಕ ನನ್ನನ್ನು ಇನ್ನೂ ಪುಟ್ಟಿ ಎಂದೇ ಕರೆಯುವುದು. ಭಾವನೂ ಅದನ್ನೇ ಕಲಿತುಬಿಟ್ಟಿದ್ದಾರೆ.

ಅವರ ಮನೆಗೆ ಬಂದ ನೆಂಟರು ಕೈ ಒರೆಸಲು ಟವೆಲ್ ಕೇಳಿದರೆ ಅಕ್ಕ ಬೀರುವಿನ ಕಡೆ ಹೋಗುತ್ತಿರಲಿಲ್ಲ, ಮಂಚದ ಕೆಳಗೆ ಬಗ್ಗುತ್ತಿದ್ದಳು. ಬೀರುವಿನಲ್ಲಿ ಬಟ್ಟೆ ಇರಲಿಲ್ಲ, ಕ್ಯಾಲ್ಕುಲೇಟರ್‌ಗಳಿದ್ದವು. ಅವೂ ಈಗಿನವಲ್ಲ. ಸೋವಿಯತ್ ಒಕ್ಕೂಟ ಅಂತ ಒಂದು ದೇಶವಿದ್ದಾಗ ಅಲ್ಲಿಯ ಕಾರ್ಖಾನೆಗಳಲ್ಲಿ ಹುಟ್ಟಿದವು. ಕೆಲವು ಅಂಗೈ ತುಂಬುವಂಥವು, ಕೆಲವು ಇಟ್ಟಿಗೆಯಷ್ಟು ದಪ್ಪ. ಗುಂಡಿಗಳ ಮೇಲೆ ತಲೆಕೆಳಗಾಗಿ ಬರೆದಂತೆ ಕಾಣುವ ರಷ್ಯನ್ ಅಕ್ಷರ, ಕಪ್ಪು ಗಾಜಿನ ಹಿಂದೆ ಹಸಿರಾಗಿ ಹೊತ್ತಿಕೊಳ್ಳುವ ಅಂಕೆ. ಎಷ್ಟೋ ಯಂತ್ರಗಳ ಬೆನ್ನಿನ ಮೇಲೆ ಬೆಲೆಯನ್ನೇ ಅಚ್ಚೊತ್ತಿ ಕಳಿಸಿದ್ದರು. ಚೌಕಾಸಿ ಮಾಡುವವರಿಗೆ ಅಲ್ಲಿ ಕೆಲಸವೇ ಇರಲಿಲ್ಲವಂತೆ. ನನ್ನ ಒಂದು ಟ್ರಂಕನ್ನೂ ಭಾವ ‘ಎರಡು ದಿನಕ್ಕೆ’ ಅಂತ ತೆಗೆದುಕೊಂಡು ಹೋಗಿ ಅದರೊಳಗೆ ಇವನ್ನೇ ತುಂಬಿದರು. ಆ ಎರಡು ದಿನ ಮುಗಿಯಲೇ ಇಲ್ಲ.

ಇದೆಲ್ಲ ಶುರುವಾದದ್ದು ಅವರ ಮದುವೆಗೂ ಮುಂಚೆ. ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಕರೆಂಟು ಹೋಗಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಕರೆಂಟು ಬಂದ ಮೇಲೂ ಅಲ್ಲಾಡಲಿಲ್ಲ. ಒಳಗೆ ಕತ್ತಲಲ್ಲಿ ಸಿಕ್ಕಿಕೊಂಡವನು ಕಾರ್ಖಾನೆಗೆ ಯಂತ್ರ ಕೂರಿಸಲು ಸೋವಿಯತ್ ದೇಶದಿಂದ ಬಂದಿದ್ದ ಒಬ್ಬ ಎಂಜಿನಿಯರ್. ಆಳು ದೈತ್ಯ, ಎದೆ ಪುಕ್ಕಲು. ಲಿಫ್ಟಿನೊಳಗಿನ ಫೋನ್ ಎತ್ತಿದರೆ ಅದು ಹೋಗುತ್ತಿದ್ದುದು ನೆಲಮಹಡಿಯ ಟೆಲಿಫೋನ್ ಬೋರ್ಡಿಗೆ. ಆ ಬೋರ್ಡಿನ ಮುಂದೆ ಕೂತಿದ್ದವಳು ನನ್ನ ಅಕ್ಕ.

ಅಕ್ಕನಿಗೆ ಎರಡು ದನಿ. ಮನೆಯ ದನಿ ನನ್ನದರಂತೆಯೇ, ಕೇಳಿದವರು ಎದ್ದು ಕೂರಬೇಕು. ಬೋರ್ಡಿನ ಮುಂದೆ ಕೂತಳೆಂದರೆ ಅದೇ ಗಂಟಲು ಸ್ವಲ್ಪ ಕೆಳಗಿಳಿಯುತ್ತಿತ್ತು, ನಿಧಾನವಾಗುತ್ತಿತ್ತು, ಪ್ರತಿ ಮಾತಿನ ಕೊನೆಗೂ ಪುಟ್ಟದೊಂದು ನಿಲುಗಡೆ. ಆ ದನಿಯಲ್ಲಿ ಅವಳು ದಿನವಿಡೀ ಸುಳ್ಳು ಹೇಳುತ್ತಿದ್ದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಲೈನು ಈಗ ಸಿಗುತ್ತೆ, ಎರಡೇ ನಿಮಿಷ. ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ಅವತ್ತೂ ಅದೇ ದನಿಯಲ್ಲಿ ಹೇಳಿದಳು, ಕನ್ನಡ ಬಾರದವನಿಗೂ ದನಿ ಅರ್ಥವಾಗುತ್ತದೆ ಎಂದುಕೊಂಡು. “ಹೆದರ್ಕೋಬೇಡಿ ಸರ್. ಮೆಕ್ಯಾನಿಕ್ ಬಂದಾಯ್ತು. ಮೆಟ್ಟಿಲು ಹತ್ತುತಾ ಇದ್ದಾರೆ. ಎರಡೇ ನಿಮಿಷ.”

ಮೆಕ್ಯಾನಿಕ್ ಆಗ ಊರಿನ ಇನ್ನೊಂದು ತುದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅವರು ಬಂದು, ಕಟ್ಟಡದ ತುದಿಯಲ್ಲಿರುವ ಮೋಟಾರಿನ ಕೋಣೆ ಹೊಕ್ಕು ಅಲ್ಲಿದ್ದ ಅದೇ ಲೈನಿನ ಫೋನ್ ಎತ್ತಿದಾಗ ಅಕ್ಕ ಇನ್ನೂ ಅದನ್ನೇ ಹೇಳುತ್ತಿದ್ದಳು. ಅದೇ ನಿಧಾನ, ಅದೇ ನಿಲುಗಡೆ.

“ನಾನೇ ಮೆಕ್ಯಾನಿಕ್ಕು, ಪುಟ್ಟಿ,” ಎಂದು ಭಾವ ಈ ಕಥೆ ಹೇಳಿದಾಗಲೆಲ್ಲ ಹೇಳುತ್ತಾರೆ. “ಆದ್ರೂ ಅವಳ ಮಾತು ಕೇಳ್ತಾ ಕೇಳ್ತಾ, ಸದ್ಯ ಮೆಕ್ಯಾನಿಕ್ ಬಂದ್ನಲ್ಲ ಅಂತ ನನಗೇ ಸಮಾಧಾನ ಆಯ್ತು.”

ಹೊರಬಂದ ಎಂಜಿನಿಯರ್ ಭಾವನ ಜೊತೆ ಮೆಟ್ಟಿಲಿಳಿದೇ ನೆಲಮಹಡಿಗೆ ಬಂದು ಇಬ್ಬರ ಕೈಯನ್ನೂ ಹಿಡಿದು ಕುಲುಕಿದ. ಚರ್ಮದ ಚೀಲದಿಂದ ತನ್ನದೇ ಕ್ಯಾಲ್ಕುಲೇಟರ್ ತೆಗೆದು ಬೋರ್ಡಿನ ಕಟ್ಟೆಯ ಮೇಲೆ, ಸರಿಯಾಗಿ ಇಬ್ಬರ ನಡುವೆ ಇಟ್ಟ. ಆಮೇಲೆ ಹೊರಟುಹೋದ. ಆ ಯಂತ್ರದ ಹೆಸರು ಎಲೆಕ್ಟ್ರಾನಿಕಾ ಬಿ3-34. ಇಬ್ಬರಿಗೂ ಸೇರಿ ಒಂದು. ಇಟ್ಟುಕೊಳ್ಳುವವರು ಯಾರು? ನಿಮಗಿರಲಿ, ಇಲ್ಲ ನಿಮಗೇ ಇರಲಿ ಅಂತ ಸಾಕಷ್ಟು ನಾಟಕವಾಗಿ, ಕೊನೆಗೆ ಒಂದು ವಾರ ಅವಳ ಹತ್ತಿರ, ಒಂದು ವಾರ ಇವರ ಹತ್ತಿರ ಎಂದು ಇತ್ಯರ್ಥವಾಯಿತು.

ಮೊದಲ ವಾರ ಮುಗಿಸಿ ಅಕ್ಕ ಅದನ್ನು ತಂದು ಕೊಟ್ಟಾಗ ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. “ಇದು ಕೆಟ್ಟಿದೆ. ಸಮ ಅನ್ನೋ ಗುಂಡಿನೇ ಇಲ್ಲ.”

ಇರಲಿಲ್ಲ, ನಿಜ. ಆ ಯಂತ್ರದ ರೀತಿಯೇ ಬೇರೆ. ಭಾವ ಒಂದು ವಾರ ಕೂತು ಗುಟ್ಟು ಬಿಡಿಸಿದರು. ಮೊದಲು ಒಂದು ಅಂಕೆ ಕೊಡಬೇಕು, ಬಾಣದ ಗುರುತಿನ ಗುಂಡಿ ಒತ್ತಬೇಕು, ಇನ್ನೊಂದು ಅಂಕೆ ಕೊಡಬೇಕು, ಕೂಡಬೇಕೋ ಕಳೆಯಬೇಕೋ ಎಂಬುದನ್ನು ಕಟ್ಟಕಡೆಗೆ ಹೇಳಬೇಕು. “ಮೊದಲು ಇಬ್ಬರನ್ನೂ ಕೂರಿಸಿ, ವಿಷಯ ಆಮೇಲೆ ತೆಗೀಬೇಕು,” ಎಂದು ಅಕ್ಕನಿಗೆ ವಿವರಿಸಿದರು. ಹಾಗೆ ಹೇಳಿದವರು ಸ್ವಂತ ವಿಷಯ ತೆಗೆಯಲು ಇನ್ನೂ ಎಷ್ಟೋ ವಾರ ತೆಗೆದುಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವರ ಮದುವೆ ಒಂದೇ ಸುಳ್ಳಿಗೆ ಆಯಿತು.

ಯಾವ ಅಂಕೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಆ ಯಂತ್ರ ತಪ್ಪಾಯಿತೆಂದು ಒಂದು ಪದ ತೋರಿಸುತ್ತದೆ. ರಷ್ಯನ್ ಅಕ್ಷರ ಕೂಡಿಸಿಕೊಂಡು ಓದಿದರೆ ಅದು ‘ಯೆಗ್ಗೋಗ್’. ನಮ್ಮ ಎರಡೂ ಮನೆಗಳಲ್ಲಿ ಆ ಪದ ಹಾಸುಹೊಕ್ಕಾಗಿದೆ. ಹಾಲು ಉಕ್ಕಿದರೆ ಯೆಗ್ಗೋಗ್, ಬಸ್ಸು ತಪ್ಪಿದರೆ ಯೆಗ್ಗೋಗ್. ನನ್ನ ಗಂಡ ಬದುಕಿದ್ದಾಗ ನಾನು ಕೋಪ ಮಾಡಿಕೊಂಡರೆ ಭಾವ ಅವರಿಗೆ ಕಣ್ಣಲ್ಲೇ ಯೆಗ್ಗೋಗ್ ಅನ್ನುತ್ತಿದ್ದರು.

ಮದುವೆಯಾದ ಮೇಲೆ ಆ ಒಂದಕ್ಕೆ ಜೊತೆ ಬೇಕೆನಿಸಿತು. ಲಿಫ್ಟಿನವರಿಗೆ ಒಂದು ಅನುಕೂಲವಿದೆ. ಯಾವ ಕಚೇರಿ ಖಾಲಿ ಮಾಡಿದರೂ ಸಾಮಾನು ಇಳಿಯುವುದು ಲಿಫ್ಟಿನಲ್ಲೇ. ಭಾರ ಹೆಚ್ಚಾಗಿ ಲಿಫ್ಟ್ ಮುನಿಸಿಕೊಂಡರೆ ಕರೆಯುವುದೂ ಇವರನ್ನೇ. ಮುರಿದ ಕುರ್ಚಿ, ಹಳೆಯ ಫೈಲುಗಳ ನಡುವೆ ಯಾವುದೋ ಮೇಜಿನ ಡ್ರಾಯರಿನಲ್ಲಿ ಒಂದು ಬಿ3-18 ಸಿಕ್ಕಿತು. ಆಮೇಲೆ ಕೆಂಪು ಅಂಕೆಗಳ ಬಿ3-21. ಆಮೇಲೆ ಒಂದು ಎಂಕೆ-61. ಮೇಜಿನ ಮೇಲೆ ಕೂರುವ ಇಸ್ಕ್ರಾ ಒಂದನ್ನು ಅವರು ಹೆಗಲ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿಸಿದ ದಿನ ಅಕ್ಕ ಬಾಗಿಲು ತೆಗೆಯಲಿಲ್ಲ. ನಾನು ತೆಗೆದು ನಮ್ಮ ಮನೆಯಲ್ಲಿ ಕೂರಿಸಿದೆ, ಯಂತ್ರವನ್ನೂ ಅವರನ್ನೂ.

ಅವರು ಬರೀ ಗುಡ್ಡೆ ಹಾಕುವವರಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಕಾರ್ಡ್ ಬರೆಯುತ್ತಿದ್ದರು. ಮಾದರಿ ಯಾವುದು, ಯಾವ ಕಾರ್ಖಾನೆಯ ಗುರುತು, ಎಲ್ಲಿ ಸಿಕ್ಕಿತು, ಯಾವ ಗುಂಡಿ ಸವೆದಿದೆ. ಕಾರ್ಡ್ ಬರೆಯುವ ತನಕ ಧೂಳು ಕೂಡ ಒರೆಸುವಂತಿಲ್ಲ. ಸವೆದ ಗುಂಡಿ ನೋಡಿ ಇದು ಅಂಗಡಿಯವನದು, ಇದು ಲೆಕ್ಕ ಕಲಿಸುವವಳದು ಎನ್ನುತ್ತಿದ್ದರು. ಹಳೆಯ ಬ್ಯಾಟರಿ ತೆಗೆದು, ಒಳಗೆ ಕಟ್ಟಿದ ಬಿಳಿ ಹಕ್ಕಳೆ ಕೆರೆದು, ನಿದ್ದೆಯಲ್ಲಿರುವವರನ್ನು ಎಬ್ಬಿಸಿದಂತೆ ಸ್ವಲ್ಪ ಸ್ವಲ್ಪವೇ ಕರೆಂಟು ಕೊಡುತ್ತಿದ್ದರು. ಹೊತ್ತಿಕೊಂಡರೆ ಸಾಲು ತುಂಬ ಎಂಟು ಒತ್ತುತ್ತಿದ್ದರು. ಎಂಟು ಎನ್ನುವ ಅಂಕೆಯಲ್ಲಿ ಎಲ್ಲ ಗೆರೆಗಳೂ ಇರುತ್ತವೆ, ಒಂದು ಗೆರೆ ಸತ್ತಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಯಂತ್ರವನ್ನು ಕಿವಿಗೆ ಹಿಡಿಯುತ್ತಿದ್ದರು. ಒಳಗಿನ ಪುಟ್ಟ ತಂತಿಸುರುಳಿ ಸಣ್ಣಗೆ ಸಿಳ್ಳೆ ಹಾಕುತ್ತದಂತೆ. ನನಗಂತೂ ಒಂದು ದಿನವೂ ಕೇಳಿಸಿಲ್ಲ. ಆದರೆ ಅವರದು ಲಿಫ್ಟಿನ ಕಿವಿ. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ಯಾವ ಮಹಡಿಯಲ್ಲಿ ಯಾವ ಚಕ್ರ ನರಳುತ್ತಿದೆ ಎಂದು ಹೇಳುತ್ತಿದ್ದವರು. ನೆಂಟರ ಮನೆಯಲ್ಲಿ ಮಾತಿನ ನಡುವೆ ನಿಲ್ಲಿಸಿ, “ನಿಮ್ಮ ಫ್ರಿಜ್ ಇನ್ನು ಜಾಸ್ತಿ ದಿನ ಇಲ್ಲ,” ಎಂದು ಹೇಳಿ ಅಕ್ಕನಿಂದ ತಿವಿಸಿಕೊಳ್ಳುತ್ತಿದ್ದರು.

ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಭಾವನ ಕಣ್ಣು ಕೈಕೊಟ್ಟಿತು. ಕನ್ನಡಕ ಬದಲಿಸಿದರು, ದೀಪ ಬದಲಿಸಿದರು. ನಾನೇ ಎಳೆದುಕೊಂಡು ನಮ್ಮ ಆಸ್ಪತ್ರೆಗೆ ಹೋದೆ. ಕಣ್ಣಿನ ಹಿಂದಿನ ಪದರ ಸವೆದಿದೆ, ಆಪರೇಷನ್ನಿಗೆ ಸಿಗುವುದಲ್ಲ, ನಿಧಾನವಾಗಿ ಪೂರ್ತಿ ಮಂಕಾಗುತ್ತದೆ ಎಂದು ಡಾಕ್ಟರ್ ನನಗೆ ಹೇಳಿದರು, ನಾನು ಭಾವನಿಗೆ ಹೇಳಿದೆ. ವಾಪಸು ಬರುವಾಗ ಭಾವ ಮೆಟ್ಟಿಲ ಕಂಬಿ ಹಿಡಿದುಕೊಂಡು, “ಲಿಫ್ಟ್ ಇಲ್ಲದ ಮನೆ ತಗೊಂಡಿದ್ದು ಒಳ್ಳೇದೇ ಆಯ್ತು. ಮೆಟ್ಟಿಲು ಕಾಲಿಗೇ ಗೊತ್ತು,” ಎಂದರು.

ಮನುಷ್ಯರ ಆಕಾರ ಕಾಣುತ್ತಿತ್ತು, ಕಿಟಕಿಯ ಬೆಳಕು ಕಾಣುತ್ತಿತ್ತು. ಸಣ್ಣ ಹಸಿರು ಅಂಕೆಗಳು ಕಾಣುತ್ತಿರಲಿಲ್ಲ. ಇನ್ನೂ ಕಾರ್ಡ್ ಬರೆಯದ ಯಂತ್ರಗಳು ಟ್ರಂಕು ತುಂಬ ಉಳಿದಿದ್ದವು.

ಈ ಸುದ್ದಿ ಎಲ್ಲೆಲ್ಲಿ ಹೋಯಿತೋ, ಒಂದು ದಿನ ಚಿನ್ನ ಕರಗಿಸುವವನೊಬ್ಬ ಬಂದ. ಈ ಹಳೆಯ ಯಂತ್ರಗಳ ಒಳಗಿನ ಚಿಪ್‌ಗಳಲ್ಲಿ ತೆಳ್ಳಗೆ ಚಿನ್ನ ಬಳಿದಿರುತ್ತಾರಂತೆ. ಆಸಿಡ್ಡಿನಲ್ಲಿ ಹಾಕಿ ಅದನ್ನು ತೆಗೆಯುವುದು ಅವನ ಕಸುಬು. ಭಾವನ ಮುಂದೆ ಕೂತು, “ಹೇಗೂ ನಿಮಗಿನ್ನು ಕಾಣಲ್ಲ. ಎಲ್ಲಾ ಒಟ್ಟಿಗೆ ಎತ್ಕೊಂಡು ಹೋಗ್ತೀನಿ,” ಎಂದ. ಅವನನ್ನು ನಾಲ್ಕೂ ಮಹಡಿ ಇಳಿಸಿದವಳು ನಾನು, ಕೈ ಎತ್ತಲಿಲ್ಲ, ಬಾಯಲ್ಲೇ ಇಳಿಸಿದೆ. ಆದರೆ ಅವನು ಹೋದ ಮೇಲೂ ಭಾವನ ಮುಖದಲ್ಲಿ ಆ ಮಾತು ಉಳಿದುಕೊಂಡಿತ್ತು. ಅವರಿಗೆ ಮಕ್ಕಳಿಲ್ಲ. ತಮ್ಮ ನಂತರ ಈ ಯಂತ್ರಗಳೆಲ್ಲ ಆಸಿಡ್ಡಿನ ಬಕೆಟ್ಟಿಗೆ ಹೋಗುತ್ತವೆ ಎಂಬುದು ಅವರಿಗೆ ಕಣ್ಣು ಹೋದದ್ದಕ್ಕಿಂತ ದೊಡ್ಡ ಸಂಕಟವಾಗಿತ್ತು.

ಆಗ ನಾನು ಮಾಡಿದ ಒಂದು ಒಳ್ಳೆಯ ಕೆಲಸ ಎಂದರೆ ವಿಜ್ಞಾನ ಮ್ಯೂಸಿಯಂಗೆ ಫೋನ್ ಮಾಡಿದ್ದು. ಅಲ್ಲಿಂದ ಒಬ್ಬ ಹುಡುಗಿ ಬಂದಳು. ಹಳೆಯ ಯಂತ್ರಗಳ ವಿಭಾಗ ನೋಡಿಕೊಳ್ಳುವವಳು. ಬೀರು ತೆರೆದಾಗ ಅವಳು ಬಾಗಿಲಲ್ಲೇ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೇಳದೆ ಮುಟ್ಟಬಾರದು ಎಂದು ಗೊತ್ತಿದ್ದವರ ನಿಲುವು ಅದು. ಭಾವನಿಗೆ ಅದು ಕಾಣಲಿಲ್ಲ, ನಾನು ಆಮೇಲೆ ಹೇಳಿದೆ.

“ನಮ್ಮಲ್ಲಿ ಇವಕ್ಕೇ ಒಂದು ಕೋಣೆ ಮಾಡ್ಬಹುದು ಸರ್,” ಎಂದಳು. “ಮಕ್ಕಳು ಬಂದು ಗುಂಡಿ ಒತ್ತಿ ನೋಡ್ಲಿ ಅಂತ ಆಸೆ. ಆದ್ರೆ ಯಾವುದು ಹೊತ್ತುತ್ತೆ, ಯಾವುದು ಹೊತ್ತಲ್ಲ ಅನ್ನೋದು ಕಾರ್ಡಿನಲ್ಲಿ ಸರಿಯಾಗಿರ್ಬೇಕು. ಅದೊಂದು ತಪ್ಪಿದ್ರೆ ನಮ್ಮ ಮೇಲಿನವರು ಒಪ್ಪಲ್ಲ.”

“ಒಪ್ಪಬಾರದು,” ಎಂದರು ಭಾವ. “ಒಂದು ಕಾರ್ಡು ಸುಳ್ಳಾದ್ರೆ ಉಳಿದದ್ದನ್ನ ಯಾಕೆ ನಂಬಬೇಕು?”

ಹಾಗೆ ಅಕ್ಕ ಓದುಗಾರ್ತಿಯಾದಳು. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಆಚೆ ಭಾವ, ಈಚೆ ಅಕ್ಕ. ಅವರು ಕೈಯಲ್ಲಿ ತಡವಿ ಬ್ಯಾಟರಿ ಹಾಕುವರು, ಗುಂಡಿ ಒತ್ತುವರು, “ಏನು ತೋರಿಸ್ತಿದೆ?” ಎನ್ನುವರು. ಅಕ್ಕ ಓದಿ ಹೇಳಿ, ಕಾರ್ಡಿನಲ್ಲಿ ಬರೆಯುವಳು. ಟೆಲಿಫೋನ್ ನಂಬರ್ ಹೇಳುವ ಅಭ್ಯಾಸದಿಂದ ಅಂಕೆಗಳನ್ನು ಜೋಡಿ ಜೋಡಿಯಾಗಿಯೇ ಓದುತ್ತಿದ್ದಳು. ಮನೆಯ ದನಿಯಲ್ಲೇ, ಪಾತ್ರೆ ತೊಳೆಯುವ ಗಡಿಬಿಡಿಯಲ್ಲೇ. “ಎಂಟು ಎಂಟು, ಎಂಟು ಎಂಟು, ಎಂಟು ಮೂರು. ಮೂರಲ್ಲ, ಎಂಟರದ್ದೇ ಎಡಗಡೆ ಹಲ್ಲು ಬಿದ್ದಿದೆ. ಬರ್ಕೊಂಡೆ. ಮುಂದಿನದು ಕೊಡಿ, ನನಗೆ ಬೇರೆ ಕೆಲಸ ಇದೆ.” ಜೀವಮಾನವೆಲ್ಲ ಈ ಡಬ್ಬಿಗಳನ್ನು ಸವತಿಯರು ಎಂದು ಬೈದವಳು, ಈಗ ಒಂದೊಂದರ ಹಲ್ಲು ಎಣಿಸುತ್ತ ಕೂತಿದ್ದಳು. ನಾನು ಎದುರು ಬಾಗಿಲಲ್ಲಿ ಕಾಳು ಆರಿಸುತ್ತ ಕೇಳಿ ನಗುತ್ತಿದ್ದೆ.

ಟ್ರಂಕಿನದು ಮುಗಿಯುತ್ತ ಬಂತು. ಎಲ್ಲಕ್ಕಿಂತ ಮೊದಲಿನ ಆ ಬಿ3-34ಕ್ಕೆ ಭಾವ ಎಂದೂ ಕಾರ್ಡ್ ಬರೆದಿರಲಿಲ್ಲ. ಮನೆಯವರಿಗೆ ಯಾರು ಕಾರ್ಡ್ ಬರೆಯುತ್ತಾರೆ? ಒಂದು ಮಧ್ಯಾಹ್ನ ಅದನ್ನೂ ಚೀಲದಿಂದ ತೆಗೆಸಿ ಚಾರ್ಜರ್ ಚುಚ್ಚಿ, ಸಾಲು ತುಂಬ ಎಂಟು ಒತ್ತಿದರು.

“ಏನು ತೋರಿಸ್ತಿದೆ?”

ಅಕ್ಕ ಬಗ್ಗಿ ನೋಡಿದಳಂತೆ. ಗಾಜಿನ ಹಿಂದೆ ಏನೂ ಇರಲಿಲ್ಲ. ಸ್ವಿಚ್ಚು ಹಿಂದೆ ಮುಂದೆ ಮಾಡಿದಳು. ಕತ್ತಲೆ. ಭಾವ ಕಾಣದ ಕಣ್ಣು ಅವಳ ಕಡೆ ತಿರುಗಿಸಿ ಕಾಯುತ್ತಿದ್ದರು. ಆಗ ಅಕ್ಕ, “ಎಂಟು ಎಂಟು, ಎಂಟು ಎಂಟು, ಎಂಟು ಎಂಟು, ಎಂಟು ಎಂಟು,” ಎಂದಳು. “ಎಲ್ಲಾ ಸರಿಯಾಗಿದೆ.”

“ಸರಿ ಹಾಗಾದ್ರೆ,” ಎಂದರು ಭಾವ. “ಇದರ ಕಾರ್ಡ್ ಈಗ ಬೇಡ. ಆಮೇಲೆ ಬರೆಯೋಣ.”

ಅಕ್ಕ ನೇರ ನಮ್ಮ ಅಡುಗೆಮನೆಗೆ ಬಂದು ನಿಂತಳು. ಮುಖ ಬೆಳ್ಳಗಾಗಿತ್ತು. ನಡೆದದ್ದನ್ನು ಹೇಳಿದಳು. ನನಗೆ ಸಿಟ್ಟು ಬಂತು.

“ಅಲ್ಲಕ್ಕ, ಕೆಟ್ಟಿದ್ರೆ ಕೆಟ್ಟಿದೆ ಅನ್ನೋಕೆ ನಿನಗೇನು ರೋಗ? ನಾಳೆ ಆ ಹುಡುಗಿ ಬಂದು ಒತ್ತಿ ನೋಡಿದ್ರೆ? ಎಲ್ಲಾ ಕಾರ್ಡೂ ಅನುಮಾನ ಆಗುತ್ತೆ. ಆ ಚಿನ್ನದವನು ಬೀದಿ ತುದಿಯಲ್ಲೇ ಕಾಯ್ತಿದ್ದಾನೆ.”

“ಕಣ್ಣು ಹೋಯ್ತು ಅಂತ ಹೇಳಿದವಳು ನೀನು,” ಎಂದಳು ಅಕ್ಕ. “ಇದೂ ಹೋಯ್ತು ಅಂತ ನಾನು ಹೇಳ್ಲಾ? ನನ್ನ ಕೈಲಾಗಲ್ಲ ಪುಟ್ಟಿ.”

“ಅವರು ಕಿವಿಗೆ ಇಟ್ಕೊಂಡ್ರೆ ಗೊತ್ತಾಗಲ್ವಾ? ಅವರ ಕಿವಿ ಮೇಲೆ ಹೂ ಇಡೋಕಾಗುತ್ತಾ?”

“ಇಟ್ಕೊಳ್ಲಿಲ್ಲ. ಇಟ್ಕೊಂಡ್ರೂ ಆ ಕಿವಿಗೂ ವಯಸ್ಸಾಗಿದೆ. ನೆನ್ನೆ ಯಂತ್ರ ಹಿಡ್ಕೊಂಡು ಕೂತಿದ್ದಾಗ ಬಾಗಿಲು ಬಡಿದಿದ್ದೇ ಕೇಳಿಸ್ಲಿಲ್ಲ.”

ಮರುದಿನ ನಾವಿಬ್ಬರೂ ತರಕಾರಿ ನೆಪ ಹೇಳಿ ಅದನ್ನು ಚೀಲದ ತಳದಲ್ಲಿಟ್ಟುಕೊಂಡು ಮೊಬೈಲ್ ರಿಪೇರಿಯವನ ಹತ್ತಿರ ಹೋದೆವು. ಅವನು ಇಂಥದ್ದನ್ನು ಹುಟ್ಟಿದಾರಭ್ಯ ನೋಡಿರಲಿಲ್ಲ. ಆದರೂ ಜೋಪಾನವಾಗಿ ಬಿಚ್ಚಿ, ಭೂತಗನ್ನಡಿ ಹಿಡಿದು ಅಂಕೆ ಹೊತ್ತುವ ಗಾಜಿನ ಕೊಳವೆ ತೋರಿಸಿದ. ಅದರ ಮೂಲೆಯಲ್ಲಿ ಕನ್ನಡಿಯ ಹಾಗೆ ಹೊಳೆಯಬೇಕಾದ ಮಚ್ಚೆ ಸುಣ್ಣದ ಹಾಗೆ ಬಿಳುಪಾಗಿತ್ತು. ಗಾಜು ಬಿರುಕುಬಿಟ್ಟು ಒಳಗೆ ಗಾಳಿ ಹೊಕ್ಕಿದೆ, ಮೂಗಿಗೆ ಸುಟ್ಟ ವಾಸನೆ ಬರುತ್ತಿದೆ ಎಂದರೆ ಒಳಗಿನ ಸುರುಳಿಯೂ ಹೋಗಿದೆ ಎಂದ. “ಇದಕ್ಕೆ ಏನೂ ಮಾಡೋಕಾಗಲ್ಲ ಅಮ್ಮ.” ವಾಪಸು ಬರುವಾಗ ಮೂರನೇ ಮಹಡಿಯ ತಿರುವಿನಲ್ಲಿ ಅಕ್ಕ ಕೂತುಬಿಟ್ಟಳು. ಮಡಿಲಲ್ಲಿ ಆ ಚೀಲ ಇಟ್ಟುಕೊಂಡು, “ತರಕಾರಿನೇ ತರ್ಲಿಲ್ಲ,” ಎಂದಳು. ನಾನು ಮತ್ತೆ ಇಳಿದು ಹೋಗಿ ತಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಭಾವ ಹೊಸ ಅಭ್ಯಾಸ ಶುರುಮಾಡಿದರು. ದಿನಾ ಓದಿನ ಕೆಲಸ ಮುಗಿದ ಮೇಲೆ, “ನಮ್ಮದನ್ನೊಂದು ಸಲ ಹೊತ್ತಿಸೇ,” ಎನ್ನುವರು. ಅಕ್ಕ ಆ ಕತ್ತಲೆಯ ಗಾಜನ್ನು ನೋಡುತ್ತ ಎಂಟು ಎಂಟು ಎಂದು ಓದುವಳು. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳುವರು. ಅದೇ ಎಂಟುಗಳನ್ನು, ದಿನಾ. ನಾನು ಆ ಹೊತ್ತಿಗೆ ನಮ್ಮ ಬಾಗಿಲು ಹಾಕಿಕೊಂಡುಬಿಡುತ್ತಿದ್ದೆ. ಸುಳ್ಳು ಹೇಳುವವಳ ಮುಖ ನೋಡಬಹುದು, ನಂಬುವವರ ಮುಖ ನೋಡಲಾಗುವುದಿಲ್ಲ.

ಮ್ಯೂಸಿಯಂ ಹುಡುಗಿ ಕೊನೆಯ ತಪಾಸಣೆಗೆ ಬಂದಳು. ಕಾರ್ಡುಗಳ ಡಬ್ಬಿಯಲ್ಲಿ ಕೈಹಾಕಿ ಸಿಕ್ಕಿದ್ದನ್ನು ಎತ್ತುವಳು, ಆ ಯಂತ್ರ ಹೊತ್ತಿಸಿ ನೋಡುವಳು. ಹೊತ್ತುತ್ತದೆ ಎಂದದ್ದು ಹೊತ್ತಿತು, ಹಲ್ಲು ಬಿದ್ದಿದೆ ಎಂದದ್ದಕ್ಕೆ ಹಲ್ಲು ಬಿದ್ದಿತ್ತು. ಒಂದೇ ಥರ ಕಾಣುವ ಎರಡು ಬಿ3-18 ಬೇರೆ ಬೇರೆ ಕಾರ್ಖಾನೆಯವು, ಒಂದರ ಗುರುತನ್ನು ಭಾವ ತಪ್ಪಾಗಿ ತಿಳಿದಿದ್ದರು ಎಂದು ಅವಳು ಮೆಲ್ಲಗೆ ಹೇಳಿದಾಗ ಭಾವನಿಗೆ ಆದ ಖುಷಿ ನೋಡಬೇಕಿತ್ತು. “ಹೌದಾ? ಎಲ್ಲಿ, ಬೆರಳಿಗೆ ತೋರಿಸಮ್ಮ,” ಎಂದು ಆ ಗುರುತನ್ನು ಮತ್ತೆ ಮತ್ತೆ ಸವರಿ ನೋಡಿದರು. ಅಕ್ಕ ಕಾರ್ಡ್ ತಿದ್ದಿದಳು. ಎಲ್ಲ ಸುಸೂತ್ರ ಮುಗಿಯಿತು ಎಂದು ನಾನು ಚಹಾ ತರಲು ಎದ್ದೆ.

ಆಗ ಹುಡುಗಿ ಮೇಜಿನ ತುದಿಯಲ್ಲಿದ್ದ ಚರ್ಮದ ಚೀಲ ನೋಡಿದಳು. “ಇದು ಲಿಫ್ಟಿನ ಕಥೆಯದ್ದಾ ಸರ್? ಪುಟ್ಟಿ ಆಂಟಿ ಫೋನಿನಲ್ಲಿ ಹೇಳಿದ್ರು. ಇದನ್ನ ಕೋಣೆಯ ಬಾಗಿಲಲ್ಲೇ ಇಡೋಣ ಅಂತಿದ್ದೆ. ಇದರ ಕಾರ್ಡ್ ಕಾಣ್ಲಿಲ್ಲ.”

ಅಕ್ಕ ಗಡಬಡಿಸಿ, “ಅದು ಹೊತ್ತುತ್ತೆ. ದಿನಾ ಹೊತ್ತಿಸ್ತೀವಿ,” ಎಂದಳು.

ಹುಡುಗಿ ಸ್ವಿಚ್ಚು ಸರಿಸಿದಳು. ಇನ್ನೊಮ್ಮೆ ಸರಿಸಿದಳು. ಚಾರ್ಜರ್ ತೆಗೆದು ಮತ್ತೆ ಚುಚ್ಚಿದಳು. ಅಕ್ಕನ ಮುಖ ನೋಡಿದಳು, ಆಮೇಲೆ ಕಾರ್ಡುಗಳ ಡಬ್ಬಿ ನೋಡಿದಳು. ಇಷ್ಟು ವರ್ಷದ ಕೆಲಸ ಆಸಿಡ್ಡಿನ ಬಕೆಟ್ಟಿಗೆ ಹೋಯಿತು ಎಂದುಕೊಂಡೆ.

“ಅದು ಹೊತ್ತಲ್ಲಮ್ಮ,” ಎಂದರು ಭಾವ. “ಹೋಗಿ ಬಹಳ ದಿನ ಆಯ್ತು.”

ಅಕ್ಕ ಭಾವನ ಮುಂದೆ ಬಂದು ನಿಂತಳು. “ನಿಮಗೆ ಗೊತ್ತಿತ್ತಾ?”

“ಮೊದಲ ದಿನಾನೇ. ಮೇಜಿನ ಮೇಲಿದ್ರೂ ಅದರ ಸಿಳ್ಳೆ ನನಗೆ ಕೇಳುತ್ತೆ ಕಣೇ. ಅವತ್ತು ಕೇಳ್ಲಿಲ್ಲ.” ಆಮೇಲೆ ಹುಡುಗಿಯ ಕಡೆ ತಿರುಗಿದರು. “ಕಾರ್ಡ್ ಇಲ್ಲದ್ದು ಅದಕ್ಕೇನಮ್ಮ. ಬರೆಸಿದ್ರೆ ಇವಳ ಕೈಲಿ ಸುಳ್ಳು ಬರೆಸಿದ ಹಾಗಾಗ್ತಿತ್ತು. ಡಬ್ಬಿಯಲ್ಲಿರೋದೆಲ್ಲಾ ನಿಜ. ಇದು ಡಬ್ಬಿಯದಲ್ಲ, ಮನೇದು.”

ಹುಡುಗಿ ಬಿ3-34 ಅನ್ನು ಚೀಲದೊಳಗೆ ಹಾಕಿ ಎರಡೂ ಕೈಯಿಂದ ಭಾವನ ಮುಂದಿಟ್ಟಳು. “ಸರಿ ಸರ್. ಉಳಿದದ್ದಕ್ಕೆ ಶುಕ್ರವಾರ ಗಾಡಿ ಕಳಿಸ್ತೀನಿ,” ಎಂದಳು.

ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಅವಳಿಗೆ ಕೋಪ ಬಂದಿತ್ತು. “ಗೊತ್ತಿದ್ದೂ ದಿನಾ ಕೇಳ್ತಿದ್ರಾ? ನಾನು ಆ ಕತ್ತಲೆ ನೋಡ್ಕೊಂಡು ಎಂಟು ಎಂಟು ಅನ್ನುವಾಗ ಜೀವ ಬಾಯಿಗೆ ಬರ್ತಿತ್ತು. ನನ್ನನ್ನ ಆಟ ಆಡಿಸ್ತಿದ್ರಾ?”

“ಆಟ ಅಲ್ವೇ,” ಎಂದರು ಭಾವ. ಹುಡುಕಿ ಅವಳ ಕೈ ಹಿಡಿದುಕೊಂಡರು. “ಬೇರೆ ಯಂತ್ರ ಎಲ್ಲಾ ನೀನು ಮನೆ ದನಿಯಲ್ಲಿ ಓದ್ತೀಯ. ಇದೊಂದನ್ನ ಬೋರ್ಡಿನ ದನಿಯಲ್ಲಿ ಓದಿದೆ. ಕೆಲಸ ಬಿಟ್ಟ ಮೇಲೆ ನೀನು ಆ ದನಿಯಲ್ಲಿ ಮಾತೇ ಆಡಿರ್ಲಿಲ್ಲ. ಅದಕ್ಕೇ ದಿನಾ ಕೇಳ್ತಿದ್ದೆ.”

ಅಕ್ಕ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಮ್ಯೂಸಿಯಂ ಹುಡುಗಿ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಬೀದಿ ನೋಡುತ್ತ ನಿಂತಳು. ಚಹಾ ತಣ್ಣಗಾಗಿ ನಾನು ಇನ್ನೊಂದು ಸಲ ಕಾಯಿಸಬೇಕಾಯಿತು.

ಶುಕ್ರವಾರ ಗಾಡಿಯವರು ಬಂದರು. ನಾಲ್ಕು ಮಹಡಿ ಇಳಿಸುವಾಗ ಲಿಫ್ಟ್ ಇಲ್ಲವೆಂದು ಅವರು ಗೊಣಗಿದ್ದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಭಾವ ಕಂಬಿ ಹಿಡಿದು ನಿಂತು ಒಂದೊಂದು ಪೆಟ್ಟಿಗೆಯ ಸದ್ದು ಕೇಳುತ್ತ, “ಇದು ಇಸ್ಕ್ರಾ, ಮೆಲ್ಲಗೆ ಇಡ್ರಪ್ಪಾ,” ಎನ್ನುತ್ತಿದ್ದರು. ನನ್ನ ಟ್ರಂಕು ಖಾಲಿಯಾಗಿ ವಾಪಸು ಬಂತು. ಬೀರುವಿನಲ್ಲಿ ಟವೆಲ್‌ಗಳು ಬಂದು ಕೂತವು.

ಮರುದಿನ ಊಟವಾದ ಮೇಲೆ ಕಾಳು ಆರಿಸಲು ಬಾಗಿಲಲ್ಲಿ ಕೂತೆ. ಆ ಚರ್ಮದ ಚೀಲ ಬಿಟ್ಟರೆ ಆ ಮನೆಯಲ್ಲಿ ಈಗ ಓದುವುದಕ್ಕೆ ಏನೂ ಉಳಿದಿರಲಿಲ್ಲ. ಬೆಳಿಗ್ಗೆಯಿಂದ ಮೋಡ ಬೇರೆ. ಅಂಥ ದಿನ ಭಾವನಿಗೆ ಕಿಟಕಿಯ ಬೆಳಕೂ ಕಾಣುವುದಿಲ್ಲ.

“ಏನು ತೋರಿಸ್ತಿದೆ?” ಎಂದು ಭಾವ ಕೇಳಿದ್ದು ಕೇಳಿಸಿತು.

ಅಕ್ಕ ಗಂಟಲು ಸರಿಮಾಡಿಕೊಂಡಳು. ದನಿ ಕೆಳಗಿಳಿಯಿತು, ನಿಧಾನವಾಯಿತು.

“ಹೆದರ್ಕೋಬೇಡಿ ಸರ್,” ಎಂದಳು. “ಎಂಟು ಎಂಟು. ಎಂಟು ಎಂಟು. ಎಲ್ಲಾ ಹೊತ್ಕೊಂಡಿದೆ.”